ಎದೆಗೆ ಮುಟ್ಟದ ಸುದ್ದಿ

ಸೆಪ್ಟೆಂಬರ್ ೪, ಬುಧವಾರ

ಭಾನುವಾರ ಬಂತೆಂದರೆ ಬಂಧುಗಳಿಗೆ ಪತ್ರ ಬರೆಯುವುದು ನನ್ನ ರೂಢಿ. ಈಚೆಗೆ ಬರೆದಿಲ್ಲ. 'ಇಲ್ಲಿ ಎಲ್ಲರೂ ಕ್ಷೇಮ' ಎಂಬ ಮೊದಲ ಸಾಲನ್ನೇ ದಾಟಲು ಆಗುತ್ತಿಲ್ಲ. ಕೈಗೆ ಮಾತ್ರ ಬರೆಯುವ ಚಟ ಹೋಗಿಲ್ಲ, ಅದಕ್ಕೇ ಈ ಹಾಳೆಗಳು. ಯಾರಿಗೂ ಅಲ್ಲ.

ಮಗಳು ಹೋದ ಮೇಲೆ ಅಳಿಯನ ಮನೆಗೆ ಬಂದು ನಿಂತಿದ್ದೇನೆ. ದರ್ಜಿ ಕೆಲಸದ ಮುದುಕ ನಾನು, ಹೊಲಿಗೆ ಯಂತ್ರವೂ ನನ್ನ ಜೊತೆ ಬಂದಿದೆ. ಅದಕ್ಕೆ ಕಿಟಕಿಯ ಪಕ್ಕದ ಜಾಗ, ನನಗೆ ಅದರ ಪಕ್ಕದ ಮಂಚ. ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಬೆಳಿಗ್ಗೆ ಸಾಮಾನಿನ ಚೀಲ ಹೆಗಲಿಗೇರಿಸಿ ಹೋದರೆ ಬರುವುದು ಸಂಜೆಗೆ. ಮೊಮ್ಮಗಳಿಗೆ ಹದಿಮೂರು ತುಂಬಿದೆ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಗುಬ್ಬಿ ಅನ್ನುತ್ತೇವೆ.

ಮಗಳು ಬಸ್ಸು ಹಿಡಿಯಲು ಓಡಿದಳು. ಅಷ್ಟೇ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ಹಾಗೇ ಕುಸಿದಳಂತೆ. ಕಂಡಕ್ಟರ್ ಹಿಡಿದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಂಚೆಯೂ ಒಂದೆರಡು ಸಲ ತಲೆ ಸುತ್ತಿ ಬಿದ್ದಿದ್ದಳು. ತಿಂಡಿ ತಿನ್ನದೆ ಓಡುತ್ತೀಯಲ್ಲ, ಇನ್ನೇನಾಗುತ್ತೆ ಅಂದಿದ್ದೆವು.

ಆ ವಾರವೇ ಹೃದಯದ ಡಾಕ್ಟರಮ್ಮ ಗುಬ್ಬಿಯ ಇಸಿಜಿ ತೆಗೆಸಿ, ಅನುಮಾನ ಬಂದು, ಅವಳಿಗೆ ಮಾತ್ರೆ ಶುರು ಮಾಡಿದ್ದರು. ಇವತ್ತು ರಕ್ತದ ವರದಿ ಬಂತು. ತಾಯಿಗಿದ್ದ ಹೃದಯದ ತೊಂದರೆಯೇ ಮಗುವಿಗೂ ಇದೆ. ಅಳಿಯ ಗೋಡೆ ನೋಡುತ್ತ ಕೂತುಬಿಟ್ಟ. ನನಗೆ ಏನೂ ಅನ್ನಿಸಲಿಲ್ಲ. ಡಾಕ್ಟರಮ್ಮನ ಮೇಜಿನ ಮೇಲೆ ಪ್ಲಾಸ್ಟಿಕ್ಕಿನದೊಂದು ಹೃದಯವಿತ್ತು. ಅದರ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒತ್ತಿ ಕೂರಿಸಿದೆ.

ಸೆಪ್ಟೆಂಬರ್ ೮, ಭಾನುವಾರ

ಡಾಕ್ಟರಮ್ಮ ಚಿತ್ರ ಬರೆದು ಹೇಳಿದ್ದನ್ನು ಮರೆಯುವ ಮುಂಚೆ ಇಲ್ಲಿ ಇಳಿಸಿಬಿಡುತ್ತೇನೆ. ತಿಳಿಯದ ಕಡೆ ಗ್ರಂಥಾಲಯದಲ್ಲಿ ಕೂತು ಓದಿಕೊಂಡೆ. ನಾನು ಶಾಲೆಯಲ್ಲಿ ಕಲಿತದ್ದು ಅಕ್ಷರ ಮತ್ತು ಮಗ್ಗಿ. ಮಿಕ್ಕಿದ್ದೆಲ್ಲ ಬಟ್ಟೆ ಸುತ್ತಿಕೊಂಡು ಬರುತ್ತಿದ್ದ ಹಳೇ ಪತ್ರಿಕೆಗಳ ಉಪಕಾರ.

ಹೃದಯದ ಸ್ನಾಯು ಅಂದರೆ ಕೋಟ್ಯಂತರ ಪುಟ್ಟ ಕೋಶಗಳು. ಒಂದೊಂದರ ಗೋಡೆಯಲ್ಲೂ ಕಣ್ಣಿಗೆ ಕಾಣದ ಬಾಗಿಲುಗಳು. ಡಾಕ್ಟರಮ್ಮ ಚಾನೆಲ್ ಅಂದರು. ನಾನು ಟಿವಿಯ ವಿಚಾರವೆಂದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ತಲೆಯಾಡಿಸಿದೆ. ಒಂದು ಬಾಗಿಲಿಂದ ಕ್ಯಾಲ್ಸಿಯಂ ಒಳಗೆ ಬಂದರೆ ಕೋಶ ಬಿಗಿಯುತ್ತದೆ, ಅದೇ ಬಡಿತ. ಇನ್ನೊಂದು ಬಾಗಿಲಿಂದ ಪೊಟ್ಯಾಸಿಯಂ ಹೊರಗೆ ಹೋದರೆ ಕೋಶ ಸಡಿಲಿ, ಮುಂದಿನ ಬಡಿತಕ್ಕೆ ಅಣಿಯಾಗುತ್ತದೆ.

ಓಡಿದಾಗ, ಹೆದರಿದಾಗ ರಕ್ತದಲ್ಲಿ ಅಡ್ರಿನಲಿನ್ ಏಳುತ್ತದೆ. ಅದು ಕೋಶದೊಳಗೆ ಹೋಗುವುದಿಲ್ಲ. ಹೊರಗೆ ನಿಂತು ಬೆಲ್ಲು ಒತ್ತುತ್ತದೆ. ಒಳಗಿನ ಒಂದು ಪ್ರೋಟೀನು ಆ ಸುದ್ದಿಯನ್ನು ಇನ್ನೊಂದಕ್ಕೆ ಹೇಳಿ, ಅದು ಮತ್ತೊಂದಕ್ಕೆ ಹೇಳಿ, ಕಡೆಗೆ ಸುದ್ದಿ ದರ್ಜಿಯ ಹತ್ತಿರ ಬರುತ್ತದೆ. ದರ್ಜಿ ಎನ್ನುವುದು ನಾನಿಟ್ಟ ಹೆಸರು, ಡಾಕ್ಟರಮ್ಮ ಕೈನೇಸ್ ಅನ್ನುತ್ತಾರೆ. ಅವನ ಕೆಲಸ ಬಾಗಿಲಿಗೆ ಒಂದು ಗುಂಡಿ ಹೊಲಿಯುವುದು. ರಂಜಕದ ಗುಂಡಿ. ಗುಂಡಿ ಬಿದ್ದ ಬಾಗಿಲಿನ ವರ್ತನೆಯೇ ಬೇರೆ, ಹೆಚ್ಚು ತೆರೆದುಕೊಳ್ಳುತ್ತದೆ. ಓಟ ನಿಂತ ಮೇಲೆ ಗುಂಡಿ ಬಿಚ್ಚುವುದಕ್ಕೆ ಇನ್ನೊಬ್ಬನಿದ್ದಾನೆ. ದರ್ಜಿ ಎಲ್ಲೆಲ್ಲೋ ಅಲೆಯದಂತೆ ಬಾಗಿಲ ಪಕ್ಕದಲ್ಲೇ ಪಿನ್ನು ಹಾಕಿ ಕೂರಿಸುವ ಪ್ರೋಟೀನೂ ಉಂಟಂತೆ. ಅದೊಂದು ನನಗೆ ಹಿಡಿಸಿತು.

ನಮ್ಮಲ್ಲಿ ಕೆಟ್ಟಿರುವುದು ಪೊಟ್ಯಾಸಿಯಂ ಬಾಗಿಲು. ದರ್ಜಿ ಗುಂಡಿ ಹೊಲಿದರೂ ತೆರೆಯಬೇಕಾದಷ್ಟು ತೆರೆಯುವುದಿಲ್ಲ. ಅತ್ತ ಕ್ಯಾಲ್ಸಿಯಂ ಬಾಗಿಲು ಹಾರು ಹೊಡೆದು, ಬಡಿತ ಏರಿ, ಹಿಂದಿನದು ಆರುವ ಮೊದಲೇ ಮುಂದಿನದು ಮೈಮೇಲೆ ಬಿದ್ದು ತಾಳ ತಪ್ಪುತ್ತದೆ. ಮಾತ್ರೆ ಏನು ಮಾಡುತ್ತದೆಂದರೆ, ಹೊರಗಿನ ಬೆಲ್ಲಿನ ಮೇಲೆ ಕೈ ಅಡ್ಡ ಇಟ್ಟು ಕೂರುತ್ತದೆ.

ಅಕ್ಕ ಫೋನ್ ಮಾಡಿದ್ದಳು. ಅವಳಿಗೆ ಕಿವಿ ಅಷ್ಟಕ್ಕಷ್ಟೇ.

"ಪ್ರೋಟೀನು ಕಮ್ಮಿ ಅಂದ್ರೆ ದಿನಾ ಒಂದು ಮೊಟ್ಟೆ ಕೊಡೋ. ಇಷ್ಟಕ್ಕೆ ದೊಡ್ಡ ಡಾಕ್ಟರ್ ಯಾಕೆ?"

"ತಿನ್ನೋ ಪ್ರೋಟೀನಲ್ಲಕ್ಕಾ. ಇದು ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟಿಸೋ ಪ್ರೋಟೀನು."

"ನಮ್ಮ ಬೀದಿ ತುಂಬ ಅವೇ ಕಣೋ. ಒಂದಕ್ಕೂ ಬೇರೆ ಕೆಲಸ ಇಲ್ಲ."

ಅಳಿಯ ಪಕ್ಕದಲ್ಲೇ ಇದ್ದ. ಇನ್ನೊಂದು ಕಾಲವಾಗಿದ್ದರೆ ನಗುತ್ತಿದ್ದೆವು.

ಸೆಪ್ಟೆಂಬರ್ ೯, ಸೋಮವಾರ

ಗುಬ್ಬಿ ಶಾಲೆಯಿಂದ ಬಂದು ಯಂತ್ರದ ಪಕ್ಕ ಕೂತಳು. ಅವಳ ಅಂಗಿಗೇ ಗುಂಡಿ ಹಾಕುತ್ತಿದ್ದೆ.

"ತಾತ, ಈ ಮಾತ್ರೆ ಒಳಗೆ ಹೋಗಿ ಏನ್ಮಾಡುತ್ತೆ? ಅಪ್ಪನ್ನ ಕೇಳಿದ್ರೆ ಸುಮ್ನೆ ನುಂಗು ಅಂತಾನೆ."

ಬಾಗಿಲು, ಬೆಲ್ಲು, ದರ್ಜಿ ಎಲ್ಲ ಹೇಳಿದೆ. ಗಮನವಿಟ್ಟು ಕೇಳಿದಳು.

"ಅಂದ್ರೆ ಮಾತ್ರೆ ತಗೊಂಡ್ರೆ?"

"ಹೊರಗಿನ ಸುದ್ದಿ ಎದೆಗೆ ಮುಟ್ಟಲ್ಲ."

"ಯಾವ ಸುದ್ದಿನೂ?"

"ಯಾವುದೂ. ಹುಲಿ ಬಂತು ಅನ್ನು, ಪರೀಕ್ಷೆ ಬಂತು ಅನ್ನು, ನಿನ್ನ ಎದೆ ಪಾಡಿಗೆ ಅದು ಟಿಕ್ ಟಿಕ್ ಅಂತಿರುತ್ತೆ."

"ಅದಕ್ಕೆ ಗೊತ್ತೇ ಆಗಲ್ವಾ?"

"ಗೊತ್ತಾಗದೇ ಇರೋದೇ ಒಳ್ಳೇದು ಬಿಡು."

ದಾರ ಕಚ್ಚಿ ತುಂಡರಿಸಿ ಅಂಗಿ ಕೊಟ್ಟೆ. ತೊಡಕಿನ ವಿಷಯವನ್ನು ಮಗುವಿಗೆ ತಿಳಿಯುವಂತೆ ಹೇಳಿದೆನಲ್ಲ ಎಂದು ಒಂದು ಕೆಲಸ ಮುಗಿದಂತಾಯಿತು.

ಸೆಪ್ಟೆಂಬರ್ ೧೨, ಗುರುವಾರ

ಒಂದು ಪರದೆ ಹೊಲಿದೆ. ಬೇರೇನೂ ಇಲ್ಲ.

ಸೆಪ್ಟೆಂಬರ್ ೧೭, ಮಂಗಳವಾರ

ನನ್ನ ರಕ್ತವನ್ನೂ ತೆಗೆದುಕೊಂಡರು. ಕೆಟ್ಟ ಬಾಗಿಲು ಯಾವ ಕಡೆಯಿಂದ ಇಳಿದು ಬಂತು ಎಂದು ತಿಳಿಯಲಂತೆ. ನನ್ನ ಹೆಂಡತಿ ಜ್ವರದಲ್ಲಿ ಹೋಗಿ ಎಷ್ಟೋ ಕಾಲವಾಯಿತು, ಅವಳದನ್ನು ನೋಡುವಂತಿಲ್ಲ.

ಇದು ನನ್ನದೇ ಇರಬೇಕು ಎಂದು ನನ್ನ ಲೆಕ್ಕ. ಪಕ್ಕದ ಮನೆಯಾಕೆ ದಿನಾ ಬಂದು "ಒಂದ್ಸಲ ಅತ್ತುಬಿಡಿ ಯಜಮಾನ್ರೇ, ಹಗುರ ಆಗುತ್ತೆ" ಅನ್ನುತ್ತಾರೆ. ಒಳ್ಳೆಯ ಮನಸ್ಸಿಂದಲೇ ಹೇಳುವುದು. ಎಲ್ಲಿಂದ ತರಲಿ? ಮಗಳ ಚಪ್ಪಲಿ ಒರೆಸಿ ಡಬ್ಬಿಗೆ ಹಾಕಿದೆ. ಅವಳ ಸೀರೆಗಳನ್ನು ಮಡಿಸಿದೆ. ಒಂದರ ಅಂಚು ಬಿಟ್ಟಿತ್ತು, ಹೊಲಿದು ಮಡಿಸಿದೆ. ಯಾರದೋ ಬಟ್ಟೆಯಂತಿತ್ತು. ಒಳಗಿನ ಬಾಗಿಲು ಕೆಟ್ಟವರು ಹೀಗೇ ಇರುತ್ತಾರೇನೋ. ನಾನೂ ಮಾತ್ರೆ ನುಂಗಬೇಕಾಗುತ್ತದೆ. ಗುಬ್ಬಿಯ ಜೊತೆ ನುಂಗಿದರಾಯಿತು.

ಸೆಪ್ಟೆಂಬರ್ ೨೨, ಭಾನುವಾರ

ಗುಬ್ಬಿ ಈಗ ಚುರುಕಾಗಿದ್ದಾಳೆ. ಮೊದಮೊದಲು ಸಂಜೆಗೆ ತೂಕಡಿಸುತ್ತಿದ್ದಳು, ಈಗ ಕೆನ್ನೆಯಲ್ಲಿ ಬಣ್ಣ ಬಂದಿದೆ. ಮಾತ್ರೆ ಒಗ್ಗಿರಬೇಕು. ಇವತ್ತು ಅಂಗಡಿಯಿಂದ ದಾರದುಂಡೆ ತರಲು ಕಳಿಸಿದರೆ ಮೆಟ್ಟಿಲನ್ನು ಹಾರಿಕೊಂಡು ಹತ್ತಿ ಬಂದಳು. ಹಾಗೆಲ್ಲ ಹತ್ತಬಾರದು ಕಣೇ ಎಂದು ಗದರಿದೆ. ಅವಳು ಬಾಗಿಲಲ್ಲೇ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ದೂರದಲ್ಲಿ ಯಾರೋ ಕರೆದದ್ದು ಹೌದೋ ಅಲ್ಲವೋ ಎಂದು ಕಿವಿಗೊಡುವವರ ಹಾಗೆ.

ದಾರದ ಬಣ್ಣ ತಪ್ಪಾಗಿ ತಂದಿದ್ದಳು. ಇರಲಿ ಅಂದೆ.

ಸೆಪ್ಟೆಂಬರ್ ೨೪, ಮಂಗಳವಾರ

ಗುಬ್ಬಿ ಶಾಲೆಯಲ್ಲಿ ಬಿದ್ದಳು. ಆಸ್ಪತ್ರೆಯಲ್ಲಿದ್ದೇವೆ. ಉಸಿರಿದೆ.

ಸೆಪ್ಟೆಂಬರ್ ೨೫, ಬುಧವಾರ

ಆಟದ ಮೈದಾನದ ಸುತ್ತ ಯಾರೂ ಹೇಳದೆಯೇ ಓಡುತ್ತಿದ್ದಳಂತೆ. ಕುಸಿದವಳನ್ನು ಆಟದ ಮೇಷ್ಟ್ರು ಎದೆ ಒತ್ತಿ ಒತ್ತಿ ಉಳಿಸಿಕೊಂಡರು. ಆ ಮನುಷ್ಯ ಆಸ್ಪತ್ರೆಯವರೆಗೂ ಜೊತೆಗೇ ಬಂದಿದ್ದರು. ನಾನು ಅವರಿಗೆ ಕುಡಿಯಲು ನೀರು ಕೊಟ್ಟೆ.

ಡಾಕ್ಟರಮ್ಮ ಬಂದು ಇಸಿಜಿ ಪಟ್ಟಿ ನೋಡಿದರು. "ಮಾತ್ರೆ ತಗೊಳ್ಳೋರ ನಾಡಿ ಹೀಗೆ ಓಡಲ್ಲ. ನಿಜ ಹೇಳಿ, ಎಷ್ಟು ದಿನದಿಂದ ಬಿಟ್ಟಿದೀರಿ?"

ಅಳಿಯನ ಮುಖ ಕೆಂಪಾಯಿತು. "ದಿನಾ ನಾನೇ ಎದುರಿಗೆ ನಿಂತು ನುಂಗಿಸ್ತೀನಿ ಡಾಕ್ಟ್ರೇ. ಬೇಕಾದ್ರೆ ಇವಳನ್ನೇ ಕೇಳಿ."

ಗುಬ್ಬಿ ಹಾಸಿಗೆಯಿಂದಲೇ ಅಂದಳು, "ನುಂಗ್ತಿರಲಿಲ್ಲ ಅಪ್ಪ. ನಾಲಿಗೆ ಕೆಳಗೆ ಇಟ್ಕೊಂಡು ಆಮೇಲೆ ಉಗೀತಿದ್ದೆ."

"ಯಾಕಮ್ಮ?" ಅಂದರು ಡಾಕ್ಟರಮ್ಮ.

ಗುಬ್ಬಿ ಗೋಡೆಯ ಕಡೆ ತಿರುಗಿ ಮಲಗಿದಳು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಹೊರಗೆ ಕರೆದು, ಈ ಸಲ ಹತ್ತಿರದಲ್ಲಿ ಎದೆ ಒತ್ತಲು ಗೊತ್ತಿದ್ದವರು ಇದ್ದರು, ಪ್ರತಿ ಸಲ ಇರುತ್ತಾರಾ ಎಂದು ಕೇಳಿದರು. ತಪ್ಪಿದ ತಾಳ ಸರಿಪಡಿಸಲು ಎದೆಯೊಳಗೆ ಇಡುವ ಯಂತ್ರದ ವಿಚಾರವನ್ನೂ ಹೇಳಿದರು. ಅದಿಟ್ಟರೂ ಮಾತ್ರೆ ಬಿಡುವಂತಿಲ್ಲ. ಮಾತ್ರೆಯೊಂದು ಹೊಟ್ಟೆಗೆ ಹೋದರೆ ಈ ಹುಡುಗಿ ನಮ್ಮೆಲ್ಲರಂತೆ ಮುದುಕಿಯಾಗುತ್ತಾಳೆ, ಹೋಗದಿದ್ದರೆ ನಾನೇನೂ ಹೇಳಲಾರೆ ಅಂದರು.

ಸೆಪ್ಟೆಂಬರ್ ೨೮, ಶನಿವಾರ

ನಿನ್ನೆ ಮನೆಗೆ ಬಂದೆವು. ಅಳಿಯ ಇವತ್ತು ಬೆಳಿಗ್ಗೆ ಲಿಫ್ಟಿನ ಕೆಳಗಿನ ಹೊಂಡದೊಳಗೆ ನೋಡುವ ಟಾರ್ಚು ಹಿಡಿದು ಮಗಳ ಬಾಯೊಳಗೆ ನೋಡಿದ. ನಾಲಿಗೆ ಎತ್ತು, ಈ ಕಡೆ ಕೆನ್ನೆ, ಆ ಕಡೆ ಕೆನ್ನೆ. ಅವಳು ತೋರಿಸಿದಳು. ಅವನು ಕೆಲಸಕ್ಕೆ ಹೋದ ಮೇಲೆ ಬಚ್ಚಲಿಗೆ ಹೋಗಿ ಬೆರಳು ಹಾಕಿ ವಾಂತಿ ಮಾಡಿದಳು. ಸದ್ದು ಕೇಳಿ ಹೋದೆ. ಬೆನ್ನು ಸವರಿದೆ. ಬೈಯಲು ಶಕ್ತಿಯಿರಲಿಲ್ಲ, ಕೋಪವೂ ಬರಲಿಲ್ಲ.

"ಯಾಕೆ ಗುಬ್ಬಿ?"

"ನೀನೇ ಹೇಳಿದ್ದಲ್ವಾ ತಾತ."

"ನಾನೇನು ಹೇಳ್ದೆ?"

"ಮಾತ್ರೆ ತಗೊಂಡ್ರೆ ಯಾವ ಸುದ್ದಿನೂ ಎದೆಗೆ ಮುಟ್ಟಲ್ಲ ಅಂತ." ಬಾಯಿ ಮುಕ್ಕಳಿಸಿದಳು. "ಅಮ್ಮ ಹೋದ್ಲಲ್ಲ, ಆ ವಾರಾನೇ ಮಾತ್ರೆ ಶುರು ಮಾಡಿದ್ರು. ನಾನು ಇನ್ನೂ ಅತ್ತೇ ಇಲ್ಲ ಗೊತ್ತಾ? ಎಲ್ಲರೂ ಅತ್ರು. ನಾನು ಸುಮ್ನೆ ಕೂತಿದ್ದೆ. ನಮ್ಮ ಕ್ಲಾಸಿನವಳು ಒಬ್ಬಳು, ನಿಂಗೆ ಬೇಜಾರೇ ಆಗಿಲ್ವೇನೇ ಅಂದ್ಲು. ಎದೆಗೆ ಗೊತ್ತಾಗಿಲ್ಲ ತಾತ. ಅದಕ್ಕೆ ಗೊತ್ತಾಗ್ಲಿ ಅಂತ ಬಿಟ್ಟೆ."

"ಗೊತ್ತಾಯ್ತಾ?"

"ಇಲ್ಲ. ಓಡಿದ್ರೆ ಡಬ ಡಬ ಅಂತಿತ್ತು. ಅಷ್ಟೇ. ಇನ್ನೂ ಸ್ವಲ್ಪ ದಿನ ಬಿಟ್ರೆ ಬರುತ್ತೇನೋ."

ನಾನು ಹೇಳಿದ ಮಾತು ಅದೇ. ಒಂದಕ್ಷರವೂ ಅವಳು ಬದಲಿಸಿಲ್ಲ. ಸುದ್ದಿ ಎಂಬ ಪದವನ್ನು ನಾನು ಅಡ್ರಿನಲಿನ್ನಿಗೆ ಬಳಸಿದೆ. ಸಾವಿನ ಮನೆಯ ಮಗು ಅದನ್ನು ಬೇರೆ ಯಾವುದಕ್ಕೆ ಕೇಳಿಸಿಕೊಂಡೀತು?

ಆ ಸುದ್ದಿ ಬೇರೆ, ಈ ಸುದ್ದಿ ಬೇರೆ ಅಂದೆ. ಅವಳು ನಂಬಲಿಲ್ಲ. ಮಾತ್ರೆ ನುಂಗಿಸಲು ಈಗ ಸುಳ್ಳು ಹೇಳುತ್ತಿದ್ದೀಯ ಎನ್ನುವಂತೆ ನೋಡಿದಳು. ದೊಡ್ಡವರ ಸುಳ್ಳು ಅವಳಿಗೆ ಚೆನ್ನಾಗಿ ಗುರುತು ಸಿಗುತ್ತದೆ.

ಸೆಪ್ಟೆಂಬರ್ ೩೦, ಸೋಮವಾರ

ಇವತ್ತು ಬಾಯನ್ನೇ ತೆರೆಯಲಿಲ್ಲ. ಅಳಿಯ ಮೊದಲು ಗದರಿದ, ಆಮೇಲೆ ಬೇಡಿಕೊಂಡ. "ನಾನು ಇಬ್ಬರನ್ನ ಕಳ್ಕೊಳ್ಳೋಕಾಗಲ್ಲ ಕಣಮ್ಮ" ಅಂದ. ಅವಳು ಹಲ್ಲು ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಮಾತ್ರೆ ಅವನ ಅಂಗೈಯಲ್ಲೇ ಕರಗಿ ಹಿಟ್ಟಾಯಿತು. ಅಳಿಯ ಕೆಲಸಕ್ಕೆ ಹೋಗಲಿಲ್ಲ. ದಿನವಿಡೀ ನಾವಿಬ್ಬರೂ ಅವಳು ಎದ್ದರೆ ಏಳುವುದು, ಕೂತರೆ ಕೂರುವುದು. ಫೋನು ತಟ್ಟನೆ ಗಂಟೆ ಬಾರಿಸಿದರೆ ಮೂವರೂ ಅವಳ ಎದೆಯನ್ನೇ ನೋಡುವುದು, ಅವಳೂ ಸೇರಿ.

ಅಕ್ಕನ ಫೋನು. ತೆಗೆಯಲಿಲ್ಲ.

ಅಕ್ಟೋಬರ್ ೧, ಮಂಗಳವಾರ

ಬೆಳಿಗ್ಗೆ ನನ್ನ ವರದಿಗೆ ಹೋಗಿದ್ದೆ.

"ಒಳ್ಳೇ ಸುದ್ದಿ ಯಜಮಾನ್ರೇ. ನಿಮ್ಮಲ್ಲಿ ಅದಿಲ್ಲ. ನಿಮ್ಮ ಬಾಗಿಲುಗಳೆಲ್ಲ ಸರಿಯಾಗಿವೆ" ಅಂದರು ಡಾಕ್ಟರಮ್ಮ.

"ಇನ್ನೊಂದ್ಸಲ ಸರಿಯಾಗಿ ನೋಡಿ" ಅಂದೆ.

ಅವರು ಕನ್ನಡಕ ತೆಗೆದರು. "ಇಲ್ಲ ಅಂದ್ರೆ ಎಲ್ಲರೂ ದೇವರಿಗೆ ಕೈ ಮುಗೀತಾರೆ. ನೀವು ಜಗಳಕ್ಕೆ ಬಂದ ಹಾಗಿದೆಯಲ್ಲ."

"ನಂಗೆ ಮಾತ್ರೆ ಬೇಡ್ವಾ ಹಾಗಾದ್ರೆ?"

"ಯಾವ ಮಾತ್ರೆನೂ ಬೇಡ."

"ಮಗಳು ಹೋದಾಗಿಂದ ನಂಗೇನೂ ಅನ್ನಿಸ್ತಿಲ್ಲ. ಬಾಗಿಲು ಕೆಟ್ಟಿರಬೇಕು ಅಂದ್ಕೊಂಡಿದ್ದೆ."

ಡಾಕ್ಟರಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ನಾಡಿ ನೋಡಿದರೋ ಸುಮ್ಮನೆ ಹಿಡಿದುಕೊಂಡರೋ ತಿಳಿಯಲಿಲ್ಲ. ನಾನು ಗುಬ್ಬಿಯ ವಿಚಾರ ಹೇಳಿದೆ. ಆ ಮಾತ್ರೆ ಅಳುವನ್ನು ತಡೆಯುತ್ತದೆಯೇ ಎಂದು ಕೇಳಿದೆ.

"ಕೆಲವರಿಗೆ ಸುಸ್ತಾಗುತ್ತೆ, ಸ್ವಲ್ಪ ಮಂಕಾಗುತ್ತೆ, ಅದು ನಿಜ. ಆಗಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅಳು ಎದೆಯ ಬೆಲ್ಲಿಗೆ ಕಾಯ್ತಾ ಕೂರಲ್ಲ. ಅದರ ದಾರಿನೇ ಬೇರೆ."

"ಯಾವ ದಾರಿ?"

"ಅದು ನನ್ನ ವಿಭಾಗ ಅಲ್ಲ" ಅಂದು, ಬಾಗಿಲವರೆಗೆ ಬಂದು ಬಿಟ್ಟು ಹೋದರು.

ಮಧ್ಯಾಹ್ನ ಬಂದಾಗ ಗುಬ್ಬಿ ನನ್ನ ಯಂತ್ರದ ಮುಂದೆ ಕೂತಿದ್ದಳು. ಕಾಲಲ್ಲಿ ಸುಮ್ಮನೆ ತುಳಿಯುತ್ತಿದ್ದಳು, ಸೂಜಿಯಡಿ ಬಟ್ಟೆ ಇರಲಿಲ್ಲ. ಅಳಿಯ ಮೂಲೆಯಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದ.

"ನಿಂಗೂ ಇದೆಯಂತಾ?"

"ಇಲ್ಲ. ನನ್ನ ಬಾಗಿಲೆಲ್ಲ ಸರಿಯಾಗಿದೆಯಂತೆ. ಮಾತ್ರೆನೂ ಬೇಡ್ವಂತೆ."

"ಒಳ್ಳೇದಾಯ್ತು ಬಿಡು."

"ಏನು ಒಳ್ಳೇದು? ನನ್ನ ಬೆಲ್ಲಿನ ಮೇಲೆ ಯಾರೂ ಕೈ ಇಟ್ಟಿಲ್ಲ ಕಣೇ. ಎಲ್ಲ ತೆರೆದೇ ಇದೆ. ಆದ್ರೂ ನಾನು ಅತ್ತಿಲ್ಲ."

ತುಳಿಯುವುದನ್ನು ನಿಲ್ಲಿಸಿದಳು. "ಸುಳ್ಳು."

"ನಿಮ್ಮಪ್ಪ ಎದ್ದ ಮೇಲೆ ಕೇಳು. ಪಕ್ಕದ ಮನೆಯವರನ್ನ ಕೇಳು, ಅವರಂತೂ ಕಾದು ಕಾದು ಸಾಕಾಗಿದ್ದಾರೆ."

"ಒಂದ್ಸಲಾನೂ ಅತ್ತಿಲ್ವಾ?"

"ಇಲ್ಲ. ನಿಂಗೆ ಅಮ್ಮ, ಸರಿ. ನಂಗೆ ಮಗಳು ಅವಳು. ಅವಳ ಮೊದಲ ಲಂಗ ಇದೇ ಯಂತ್ರದಲ್ಲಿ ಹೊಲಿದೆ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಸುಳ್ಳು ಹುಡುಕುತ್ತಿದ್ದಳು. ಸಿಗಲಿಲ್ಲವೆಂದು ತೋರುತ್ತದೆ.

"ಮತ್ತೆ ನಿಂಗೆ ಯಾರು ತಡೆದಿದ್ದು?"

"ಗೊತ್ತಿಲ್ಲ. ಮಾತ್ರೆಯಂತೂ ಅಲ್ಲ."

ಎದ್ದು ಹೋಗಿ ಡಬ್ಬಿ ತಂದಳು. ನೀರು ಬಗ್ಗಿಸಿಕೊಂಡು ಒಂದು ಮಾತ್ರೆ ನುಂಗಿ, ಕೇಳದೆಯೇ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದಳು. ನಾನು ತಲೆಯಾಡಿಸಿದೆ. ಬಚ್ಚಲಿಗೆ ಹೋಗಲಿಲ್ಲ. ನನ್ನ ಮಂಚದ ಮೇಲೆ ಮಲಗಿಕೊಂಡಳು, ನಾನು ಹೊಲಿಯುತ್ತ ಕೂತೆ.

ಬಿಸಿಲು ಇಳಿದ ಮೇಲೆ ಮಲಗಿದಲ್ಲಿಂದಲೇ ಕೇಳಿದಳು. "ತಾತ, ನಿಂಗೆ ಯಾರು ಹೇಳಿದ್ದು?"

"ನಿಮ್ಮಪ್ಪ ಫೋನ್ ಮಾಡಿ ಹೇಳಿದ."

"ಅಪ್ಪಂಗೆ?"

"ಆಸ್ಪತ್ರೆಯವರು."

"ನಂಗೆ ಯಾರೂ ಹೇಳ್ಲೇ ಇಲ್ಲ. ಸ್ಕೂಲಲ್ಲಿ, ಮನೆಗೆ ಹೋಗು ಅಂದ್ರು. ಇಲ್ಲಿ ಬಂದ್ರೆ ಬಾಗಿಲ ತುಂಬ ಚಪ್ಪಲಿ. ಎಲ್ಲರೂ ತಬ್ಕೊಂಡು ಅಯ್ಯೋ ಕಂದ ಅಂದ್ರು. ಏನಾಯ್ತು ಅಂತ ಯಾರೂ ಅನ್ನಲಿಲ್ಲ. ನಂಗೆ ಗೊತ್ತಿದೆ ಅಂದ್ಕೊಂಡ್ರು. ನಾನೂ ಗೊತ್ತಿರೋ ಹಾಗೆ ಕೂತೆ."

ಆ ದಿನ ಯಾರು ಯಾರು ಅವಳ ಹತ್ತಿರ ಕೂತಿದ್ದರು ಎಂದು ನೆನೆದೆ. ಅವಳು ಹೇಳಿದ್ದು ಸರಿ. ಒಬ್ಬರು ಇನ್ನೊಬ್ಬರು ಹೇಳಿರುತ್ತಾರೆಂದುಕೊಂಡೆವು.

"ನೀನು ಹೇಳು" ಅಂದಳು.

ನಾವು ಹೋದಳು ಅನ್ನುತ್ತೇವೆ, ಇಲ್ಲವಾದಳು ಅನ್ನುತ್ತೇವೆ, ತೀರಿಕೊಂಡಳು ಅನ್ನುತ್ತೇವೆ. ಈ ಹಾಳೆಗಳಲ್ಲಿ ನಾನೂ ಹಾಗೇ ಬರೆದಿದ್ದೇನೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವಳ ಪಕ್ಕ ಹೋಗಿ ಕೂತೆ.

"ನಿಮ್ಮಮ್ಮ ಸತ್ತುಹೋದಳು, ಗುಬ್ಬಿ."

"ಇನ್ನೊಂದ್ಸಲ ಹೇಳು."

"ನಿಮ್ಮಮ್ಮ ಸತ್ತುಹೋದಳು. ಇನ್ನು ಬರಲ್ಲ."

ಮೂಲೆಯಲ್ಲಿ ಅಳಿಯ ಎದ್ದು ಕೂತಿದ್ದ. ಎಷ್ಟು ಹೊತ್ತಿನಿಂದಲೋ ಏನೋ.

ಮೊದಲು ಅವಳ ಗಲ್ಲ ನಡುಗಿತು. ಆಮೇಲೆ, ಬಹಳ ಚಿಕ್ಕವಳಿದ್ದಾಗ ಅಳುತ್ತಿದ್ದಳಲ್ಲ, ಹಾಗೆ ದನಿ ತೆಗೆದಳು. ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ನನಗೆ ಹೆದರಿಕೆಯಾಗಿ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಅದು ಏನೂ ನಡೆದೇ ಇಲ್ಲವೆಂಬಂತೆ ನಿಧಾನವಾಗಿ, ಒಂದೇ ಸಮನೆ ಹೋಗುತ್ತಿತ್ತು. ಮಾತ್ರೆ ಬೆಲ್ಲಿನ ಮೇಲೆ ಕೈಯಿಟ್ಟು ಕೂತಿತ್ತು. ಎದೆಗೆ ಸುದ್ದಿ ಮುಟ್ಟಿರಲಿಲ್ಲ. ಹುಡುಗಿ ಅಳುತ್ತಿದ್ದಳು.

"ನೋಡು, ನಿಧಾನವಾಗೇ ಇದೆ" ಅಂದೆ. ಅವಳು ಅಳುತ್ತಲೇ ತನ್ನ ಬೆರಳಿಟ್ಟು ನೋಡಿಕೊಂಡು, ಮತ್ತೆ ಅತ್ತಳು.

ಅಳಿಯ ಎದ್ದು ಹೋಗಿ ಎರಡು ಟವೆಲು ತಂದ. ಒಂದನ್ನು ಮಗಳಿಗೆ ಕೊಟ್ಟ. ಇನ್ನೊಂದನ್ನು ನನ್ನ ಕೈಗೆ ಯಾಕೆ ಕೊಟ್ಟನೋ ತಿಳಿಯಲಿಲ್ಲ. ಆಮೇಲೆ ಮಡಿಸಿ ಇಡುವಾಗ ನೋಡಿದರೆ ಅದೂ ಒದ್ದೆಯಾಗಿತ್ತು. ಹಗ್ಗದ ಮೇಲೆ ಹರವಿದೆ.